ಕಂಪ್ಯೂಟರ್ ಮುಂದಿನ ಬರಿಗಾಲಿನವಳು

ಅಂತರ್ಜಾಲದ ಮೂಲೆಮೂಲೆ ಕೆದಕಿ, ವಿಜ್ಞಾನ, ತಂತ್ರಜ್ಞಾನ, ಕಲೆಯ ಸ್ವಾರಸ್ಯಗಳನ್ನು ಹೆಕ್ಕಿ ತಂದು ಪತ್ರಿಕೆಯ ಜಾಲತಾಣಕ್ಕೆ ವಾರಕ್ಕೊಂದು ಪುಟ ಕಟ್ಟುವುದು ಅವಳ ಕೆಲಸ. ಆಫೀಸಿನಲ್ಲಿ ಅವಳಿಗೆ ‘ಜಾಲಾಡಿ’ ಎಂದೇ ಅಡ್ಡಹೆಸರು. ಅದನ್ನವಳು ಬಿರುದಿನಂತೆ ಹೊತ್ತು ಮೆರೆಯುತ್ತಿದ್ದಳು. ಆದರೆ ಆ ಬೆಳಿಗ್ಗೆ ಸಿಕ್ಕ ಚಿತ್ರ ಅವಳ ಮೈಯೆಲ್ಲ ಉರಿಸಿಬಿಟ್ಟಿತು.

ಹಳೆಯ ಕಪ್ಪುಬಿಳುಪು ಫೋಟೊ. ಗೋಡೆಯಷ್ಟಗಲದ ಕಂಪ್ಯೂಟರ್, ಪಕ್ಕದಲ್ಲಿ ಟೈ ಕಟ್ಟಿದ ಮೂವರು ಗಂಡಸರು, ಮುಂದೆ ಒರೆಸುವ ಬಟ್ಟೆ ಹಿಡಿದು ನಿಂತ ಬರಿಗಾಲ ಹುಡುಗಿ. ಕೆಳಗೆ ಬರೆದಿತ್ತು: ‘ಮೊದಲ ಹವಾಮಾನ ಕಂಪ್ಯೂಟರ್, ವಿಜ್ಞಾನಿಗಳು ಹಾಗೂ ಕೋಣೆ ಗುಡಿಸುವವಳು.’ ‘ಪೊರಕೆ ಎಲ್ಲಿ?’ ಎಂದು ಅದರಡಿ ಯಾರೋ ಬರೆದು ಹಲ್ಲು ಕಿರಿದಿದ್ದರು. ಆ ಹುಡುಗಿ ಅವಳ ಅಮ್ಮ! ನಾಳೆ ಮಳೆ ಬರುತ್ತದೋ ಇಲ್ಲವೋ ಎಂಬ ಲೆಕ್ಕವನ್ನು ಆ ಯಂತ್ರಕ್ಕೆ ಕಲಿಸಿದವಳೇ ಅಮ್ಮ.

“ಇವಳು ನಮ್ಮಮ್ಮ, ಗುಡಿಸೋಳಲ್ಲ, ವಿಜ್ಞಾನಿ. ತಿದ್ದಿ ಹಾಕ್ತೀನಿ ಸರ್,” ಎಂದಳು ಸಂಪಾದಕನಿಗೆ.

“ದಾಖಲೆ ಇದ್ಯಾ? ಇಲ್ಲ ತಾನೇ? ಬರಿಗಾಲು ನೋಡಿದ್ರೇ ಗೊತ್ತಾಗುತ್ತೆ ಗುಡಿಸೋಳು ಅಂತ. ಗುಡಿಸೋಳ ಚಿತ್ರ ಅಂತಾನೇ ಜನ ಮುಗಿಬೀಳ್ತಿದಾರೆ. ಸಂಜೆಯೊಳಗೆ ಹಾಗೇ ಹಾಕಮ್ಮ.”

ಅಮ್ಮನ ಹೆಸರು ಇಂದು ಉಳಿಯದಿದ್ದರೆ ಇನ್ನೆಂದೂ ಉಳಿಯದು. ಊಟದ ಹೊತ್ತಿಗೆ ಮನೆಗೆ ಓಡಿದಳು. ಅಮ್ಮ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಕೈ ಒರೆಸಿಕೊಂಡು, ಕನ್ನಡಕ ಏರಿಸಿ ಫೋನ್ ನೋಡಿದಳು.

“ಗುಡಿಸೋದೇನೂ ಕೀಳಲ್ಲ ಕಣೇ. ಆದ್ರೆ ನಾನು ಮಾಡಿದ್ದು ಬೇರೆ ಕೆಲಸ. ಒಂಚೂರು ಧೂಳು ಹೊಕ್ಕರೂ ಆ ಕಂಪ್ಯೂಟರ್ ನಿಂತೇಹೋಗೋದು. ಅದಕ್ಕೇ ಚಪ್ಪಲಿ, ಬೂಟು ಎಲ್ಲಾ ಬಾಗಿಲ ಹೊರಗೆ. ಒರೆಸೋದು ಸರದಿ ಮೇಲೆ, ಎಲ್ರೂ ಒರೆಸಬೇಕು. ಅವತ್ತು ನನ್ನ ಸರದಿ ಇತ್ತು.” ಅಮ್ಮ ಚಿತ್ರವನ್ನು ಬೆರಳಿಂದ ದೊಡ್ಡದು ಮಾಡಿದಳು. “ಈ ಮೂರು ಜನರ ಕಾಲು ನೋಡಿದ್ಯಾ?”

ಮೂವರೂ ಬರಿಗಾಲಲ್ಲೇ ನಿಂತಿದ್ದರು. ಟೈ ನೋಡಿದ್ದ ಲೋಕ ಅವರ ಕಾಲು ನೋಡಿರಲಿಲ್ಲ. ತಾನೂ ನೋಡಿರಲಿಲ್ಲವಲ್ಲ ಎಂದು ಮಗಳ ಕೆನ್ನೆಗೆ ಬಾರಿಸಿದಂತಾಯಿತು.

ಆಫೀಸಿಗೆ ಮರಳಿ ಆ ಕಾಲುಗಳನ್ನು ಸಂಪಾದಕನಿಗೆ ತೋರಿಸಿದಳು. ಅವನ ಕಣ್ಣರಳಿತು.

“ಅಬ್ಬಾ, ಎಂಥಾ ಸರಳತೆ! ‘ಬರಿಗಾಲ ವಿಜ್ಞಾನಿಗಳು’ ಅಂತ ಶೀರ್ಷಿಕೆ ಕೊಡು!”

“ಅಮ್ಮ?”

“ಅವರದ್ದು ‘ಗುಡಿಸುವವಳು’ ಅಂತ ಹಾಗೇ ಇರ್ಲಿ ಬಿಡು.”

ಅವಳಿಗೆ ಪಿತ್ತ ನೆತ್ತಿಗೇರಿತು. ತನ್ನ ಜಾಗಕ್ಕೆ ಹೋಗಿ ಕೂತು, ಅಡಿಬರಹ ಟೈಪಿಸಿ, ಪುಟವನ್ನು ಜಾಲಕ್ಕೇರಿಸಿದಳು: ‘ಹವಾಮಾನ ಕಂಪ್ಯೂಟರಿಗೆ ಲೆಕ್ಕ ಕಲಿಸಿದ ವಿಜ್ಞಾನಿ, ಜೊತೆಗೆ ಕೋಣೆ ಗುಡಿಸುವ ಮೂವರು.’

ಸಂಪಾದಕ ಕುರ್ಚಿ ತಳ್ಳಿ ಓಡಿಬಂದ. “ತಲೆ ಕೆಟ್ಟಿದ್ಯಾ? ಅವರನ್ನ ಗುಡಿಸೋರು ಅನ್ನೋಕೆ ಏನು ದಾಖಲೆ?”

“ಕಾಲು ನೋಡಿ ಸರ್,” ಎಂದಳು.