ಎಡಕ್ಕೆಳೆಯುವ ಸೈಕಲ್ಲು

ನಮ್ಮ ದೊಡ್ಡಪ್ಪ ಯಾರ ಮುಖವನ್ನೂ ಮೊದಲು ನೋಡಿದವರಲ್ಲ, ಭುಜಗಳನ್ನು ನೋಡುತ್ತಿದ್ದರು. ಬಾಗಿಲಲ್ಲಿ ನಿಂತವನು ಅಳಿಯನೋ ಅಂಚೆಯವನೋ ಎಂಬುದು ಅವರಿಗೆ ಆಮೇಲಿನ ಮಾತು. ಅವನ ಬಲಭುಜ ಎಡಭುಜಕ್ಕಿಂತ ಕಾಲು ಇಂಚು ತಗ್ಗಿದೆ ಎಂಬುದು ಮೊದಲನೆಯದು. ದರ್ಜಿಯ ಕಣ್ಣು ಅದು. ಎರಡೂ ಭುಜ ಸಮನಾಗಿರುವ ಮನುಷ್ಯನನ್ನು ದೇವರು ಇನ್ನೂ ಹೊಲಿದಿಲ್ಲ ಎಂಬ ಸತ್ಯವನ್ನು ನಲವತ್ತು ವರ್ಷಗಳ ಕಸುಬಿನಲ್ಲಿ ಅವರು ಕಂಡುಕೊಂಡಿದ್ದರು, ಆದರೆ ಅದನ್ನು ಒಬ್ಬ ಗಿರಾಕಿಯ ಕಿವಿಗೂ ಹಾಕಿದವರಲ್ಲ. ತಗ್ಗಿದ ಕಡೆ ಒಂದು ಪದರ ಹತ್ತಿ ಹೆಚ್ಚಿಗೆ ಇಟ್ಟು ಕೋಟು ಹೊಲಿದುಕೊಡುವರು. ಆತ ಕನ್ನಡಿಯ ಮುಂದೆ ನಿಂತು ತನ್ನ ಮೈಕಟ್ಟನ್ನು ತಾನೇ ಮೆಚ್ಚಿಕೊಂಡು ಹೋಗುವನು.

ಬ್ಯಾಂಕಿಗೆ ಹೋದರೂ ಕೊರಳಲ್ಲಿ ಅಳತೆಯ ಟೇಪು ಇರಲೇಬೇಕು. ಬಟ್ಟೆಯನ್ನು ಗೇಣು ಹಾಕಿ ಅಳೆದಂತೆ ಸಣ್ಣ ಸಣ್ಣ ಸಮಹೆಜ್ಜೆಗಳ ನಡಿಗೆ. ಜೀವಮಾನವಿಡೀ ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡಿದ್ದರಿಂದ, ಸೂಜಿಯಿಲ್ಲದಾಗಲೂ ಅವರ ಮಾತು ಬಾಯಿಯ ಒಂದು ಮೂಲೆಯಿಂದಲೇ ಹೊರಡುತ್ತಿತ್ತು, ಮತ್ತು ಪ್ರತಿ ವಾಕ್ಯವೂ ‘ಅಲ್ವೇ?’ ಎಂಬಲ್ಲಿಗೆ ಬಂದು ಮುಗಿಯುತ್ತಿತ್ತು. ಬಿಸಿಲು ಜಾಸ್ತಿ, ಅಲ್ವೇ? ನನಗೆ ಹಸಿವಾಗ್ತಾ ಇದೆ, ಅಲ್ವೇ? ನಿಮ್ಮ ಹಸಿವು ನನಗೆ ಹೇಗೆ ಗೊತ್ತಾಗಬೇಕು ದೊಡ್ಡಪ್ಪ ಎಂದು ನಾನು ಅವರನ್ನು ರೇಗಿಸುತ್ತಿದ್ದೆ.

ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟ ಮೇಲೆ ಅವರಿಗೆ ಉಳಿದದ್ದು ಒಂದು ಹಳೆಯ ಸೈಕಲ್ಲು ಮತ್ತು ಹನ್ನೊಂದು ಮಂದಿ ಗಿರಾಕಿಗಳು. ಮೆಟ್ಟಿಲಿಳಿಯಲಾಗದವರು, ಹಾಸಿಗೆ ಬಿಟ್ಟೇಳದವರು, ತಮ್ಮ ಮೈಯ ಅಳತೆಯನ್ನು ಬೇರೆಯವರ ಕೈಗೆ ಕೊಡಲು ಸಂಕೋಚಪಡುವವರು. ಅವರವರ ಮನೆಗೇ ಹೋಗಿ, ಸೊರಗಿದ ದೇಹದ ಮೇಲೆ ಜೋತಾಡುವ ಹಳೆಯ ಅಂಗಿಯನ್ನು ಬಿಗಿ ಮಾಡಿ ಹೊಲಿದು, ಒಂದು ಗಳಿಗೆ ಹರಟಿ ಬರುವುದು ಅವರ ವಾರದ ದಿನಚರಿ. ಹೀಗಿರುವಾಗ ಸೈಕಲ್ಲು ಎಡಕ್ಕೆ ಎಳೆಯತೊಡಗಿತು. ಒಂದು ಬೆಳಿಗ್ಗೆ ಅವರನ್ನು ಬೀದಿಯಂಚಿನ ಜಲ್ಲಿ ರಾಶಿಗೇ ಎಳೆದುಕೊಂಡು ಹೋಗಿ ಕೆಡವಿ, ಮೊಣಕಾಲಿನ ಚರ್ಮ ಸುಲಿಯಿತು. ದೊಡ್ಡಪ್ಪ ಸೈಕಲ್ಲಿನ ದೋಷ ಎಂದರು. ದೊಡ್ಡಮ್ಮ ಔಷಧಿ ಹಚ್ಚುತ್ತ, ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ ಎಂದು ಹೇಳಿ, ಈ ಭಾನುವಾರ ದಾಟಿದರೆ ಸೈಕಲ್ಲು ಮನೆಯಲ್ಲಿರಬಾರದೆಂದು ತೀರ್ಪು ಕೊಟ್ಟರು. ಜಪ್ಪಯ್ಯ ಅಂದರೂ ಮಾತು ಬದಲಿಸುವ ಹೆಂಗಸಲ್ಲ ಅವರು. ಹನ್ನೊಂದು ಮನೆಗಳಿಗೆ ನಡೆದುಹೋಗುವ ಕಾಲುಗಳು ದೊಡ್ಡಪ್ಪನಿಗಿರಲಿಲ್ಲ.

ಆ ಭಾನುವಾರ ನಾನು ಹೋದಾಗ, ಬಟ್ಟೆ ಕತ್ತರಿಸುವ ಕೋಣೆಯಲ್ಲಿ ಹಳೆಯ ಕಂಬಳಿ ಹಾಸಿ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿಕೊಂಡು ಕೂತಿದ್ದರು. ಮುಂದಿನ ಚಕ್ರವನ್ನು ತಿರುಗಿಸಿ, ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸನ್ನು ಚಕ್ರ ಹಿಡಿಯುವ ಕವಲಾದ ಫೋರ್ಕಿಗೊತ್ತಿ ಹಿಡಿದು, ಅದರ ತುದಿಯನ್ನು ರಿಮ್ಮಿಗೆ ತಾಗಿಸಿದರು. ರಿಮ್ಮು ಸೊಟ್ಟಗಾಗಿದ್ದರೆ ಗೆರೆ ಅಲ್ಲಲ್ಲಿ ಮಾತ್ರ ಬೀಳಬೇಕು. ಸುತ್ತಲೂ ಮುರಿಯದ ಒಂದೇ ಗೆರೆ ಬಿತ್ತು. ಚಕ್ರ ಬೆಂಡಾಗಿಲ್ಲ. ಆಮೇಲೆ ಡಬ್ಬಿಯಿಂದ ಅಂಗಿಯ ಗುಂಡಿಗಳನ್ನು ತೆಗೆದು, ರಿಮ್ಮಿಗೂ ಫೋರ್ಕಿನ ಕಾಲಿಗೂ ನಡುವಿನ ಸಂದಿಗೆ ಒಂದರ ಮೇಲೊಂದು ತುರುಕಿದರು. ಬಲಗಡೆ ಐದು ಹಿಡಿಸಿದವು, ಎಡಗಡೆ ಮೂರೇ. ಚಕ್ರ ನಡುವಿಗೆ ಕೂತಿರಲಿಲ್ಲ.

ಇಲ್ಲಿಯೇ ಅವರ ಸ್ವಭಾವ ನೋಡಬೇಕು. ನಾನು ಅವಸರದವಳು, ಚಕ್ರದ್ದೇ ತಪ್ಪು ಎಂದುಬಿಟ್ಟೆ. ಅವರು ಚಕ್ರವನ್ನು ಬಿಚ್ಚಿ, ಎಡಬಲ ಅದಲುಬದಲು ಮಾಡಿ ಮತ್ತೆ ಕೂರಿಸಿದರು. ತಪ್ಪು ಚಕ್ರದ್ದಾದರೆ ಅದು ಚಕ್ರದ ಜೊತೆಗೇ ಬಲಕ್ಕೆ ಹೋಗಬೇಕು. ಅಲ್ಲೇ ಉಳಿದರೆ ಅದನ್ನು ಹಿಡಿದಿರುವ ಫೋರ್ಕಿನದು. ಗುಂಡಿಗಳನ್ನಿಟ್ಟು ನೋಡಿದರೆ ಎಡಕ್ಕೆ ಮೂರು, ಬಲಕ್ಕೆ ಐದು, ಮೊದಲಿದ್ದಂತೆಯೇ. ತಪ್ಪು ಫೋರ್ಕಿನದು, ದೊಡ್ಡಪ್ಪನದಲ್ಲ ಎಂದು ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ದೊಡ್ಡಮ್ಮನನ್ನು ಕೂಗಲು ಎದ್ದೆ. ದೊಡ್ಡಪ್ಪ ನನ್ನ ಸೆರಗು ಹಿಡಿದು ಕೂರಿಸಿದರು.

“ಫೋರ್ಕು ತಾನಾಗೇ ಕೆಡಲ್ಲ ಕಣೇ. ಯಾರೋ ಏನೋ ಮಾಡಿರ್ಬೇಕು, ಅಲ್ವೇ?”

ಆ ‘ಯಾರೋ’ ಅವರೇ ಆಗಿದ್ದರು. ಎರಡು ತಿಂಗಳ ಹಿಂದೆ ಉತ್ಸಾಹ ಬಂದು, ಚಕ್ರ ಬಿಚ್ಚಿಟ್ಟು, ಫೋರ್ಕಿಗೆ ಮೂರು ಸಲ ಕಪ್ಪು ಬಣ್ಣ ಬಳಿದಿದ್ದರು. ಚಕ್ರದ ಅಚ್ಚು ಕೂರುವ ಎಡಗಡೆಯ ಕಚ್ಚಿನಲ್ಲಿ ಬಣ್ಣ ಇಳಿದು ಗಂಟುಗಟ್ಟಿತ್ತು. ಅಚ್ಚು ಒಂದು ಕಡೆ ಪೂರ್ತಿ ಕೂರದೆ ಚಕ್ರ ವಾಲಿಕೊಂಡಿತ್ತು. ಹೊಲಿಗೆ ಬಿಚ್ಚುವ ಬ್ಲೇಡಿನಿಂದ ಆ ಗಂಟನ್ನು ಕೆರೆದು, ಸೈಕಲ್ಲನ್ನು ನೇರ ನಿಲ್ಲಿಸಿ, ಭಾರ ಬಿಟ್ಟು ಅಚ್ಚನ್ನು ಕೂರಿಸಿ, ಎರಡೂ ನಟ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿದರು. ಈಗ ನಾಲ್ಕು, ನಾಲ್ಕು.

ನಾನು ಸೈಕಲ್ಲು ಹತ್ತಿ, ಬೀದಿಯ ಕೊನೆಯವರೆಗೆ ಹೋಗಿ ಬಂದೆ. ಹ್ಯಾಂಡಲನ್ನು ಬೆರಳಲ್ಲಿ ಮುಟ್ಟಿಕೊಂಡಿದ್ದರೂ ಸಾಕು, ನೂಲು ಹಿಡಿದಂತೆ ನೇರ ಹೋಯಿತು. ಅಲ್ಲಿಗೆ ಬಿಡಬಹುದಿತ್ತು. ಅವರು ಬಿಡಲಿಲ್ಲ, ತಾವೂ ಹತ್ತಿದರು. ಹತ್ತು ಮಾರು ನೇರ ಹೋದ ಸೈಕಲ್ಲು ಮೆಲ್ಲಗೆ, ಹಿಂದಿನಷ್ಟಲ್ಲದಿದ್ದರೂ ಸ್ಪಷ್ಟವಾಗಿ, ಎಡಕ್ಕೆ ಸರಿಯಿತು. ಹಿಂದಿರುಗಿ ಬಂದು ಇನ್ನೊಮ್ಮೆ ಹೋದರು. ಮತ್ತೆ ಎಡಕ್ಕೆ. ಇಳಿದು ಬಂದವರಿಗೆ, ದೊಡ್ಡಮ್ಮನ ಹತ್ತಿರ ಇದನ್ನು ಬಾಯಿಬಿಡಬೇಡಿ, ಫೋರ್ಕಿನ ಕಥೆ ಹೇಳಿದರೆ ಸಾಕು, ಅದೇನು ಸುಳ್ಳಲ್ಲವಲ್ಲ ಎಂದು ಗೋಗರೆದೆ.

ಅವರು ಕೊರಳಿನ ಟೇಪನ್ನು ತೆಗೆದು ನನ್ನ ಕೈಗಿಟ್ಟು, ಗೋಡೆಗೊರಗದೆ ನೆಟ್ಟಗೆ ನಿಂತು, ಭುಜದಿಂದ ನೆಲದವರೆಗೆ ಎರಡೂ ಕಡೆ ಅಳೆಯಲು ಹೇಳಿದರು. ಎಡಗಡೆ ಅರ್ಧ ಇಂಚು ಕಡಿಮೆ. ಒಂದೇ ಮಗ್ಗುಲಿಗೆ ಬಾಗಿ ನಲವತ್ತು ವರ್ಷ ಕತ್ತರಿ ಹಿಡಿದ ಮೈ ಅದು. ಅವರು ಕೊರಗಲಿಲ್ಲ, ಬಹಳ ದಿನ ಕಾಣದ ಪರಿಚಿತರೊಬ್ಬರು ಸಿಕ್ಕವರಂತೆ ನಕ್ಕರು.

“ಈ ಮೈಗೆ ಇಷ್ಟು ವರ್ಷ ಯಾರೂ ಅಳತೆ ತಗೊಂಡೇ ಇರ್ಲಿಲ್ಲ, ಅಲ್ವೇ?”

ಸೀಟಿನ ಮೂತಿಯನ್ನು ಬಲಕ್ಕೆ ಒಂದಿಷ್ಟೇ ತಿರುಗಿಸಿ, ಏರಿ, ಇಳಿದು, ಮತ್ತಷ್ಟು ತಿರುಗಿಸಿ ನೋಡಿದರು. ನಾಲ್ಕನೆಯ ಸಲ ಸೈಕಲ್ಲು ಅವರನ್ನು ಹೊತ್ತು ನೇರ ಹೋಯಿತು. ಆಮೇಲೆ ಕೈ ಒರೆಸಿಕೊಂಡು ಸೀದಾ ದೊಡ್ಡಮ್ಮನಿದ್ದ ಅಡಿಗೆಮನೆಗೆ ನಡೆದರು. ನಾನು ಹಿಂದೆಯೇ ಓಡಿದೆ. ಊರವರ ಡೊಂಕನ್ನೆಲ್ಲ ಹತ್ತಿಯಲ್ಲಿ ಮುಚ್ಚಿದವರು ತಮ್ಮದನ್ನೂ ಮುಚ್ಚಿಯಾರು ಎಂಬ ಆಸೆ ನನಗೆ.

“ಫೋರ್ಕಿಂದು ಸ್ವಲ್ಪ ಇತ್ತು, ಅದೂ ನಾನೇ ಬಳಿದ ಬಣ್ಣದ್ದು. ಉಳಿದದ್ದು ನಂದು. ಎಡಭುಜ ಅರ್ಧ ಇಂಚು ಇಳಿದಿದೆ. ಸೀಟು ತಿರುಗಿಸ್ಕೊಂಡಿದೀನಿ.”

ಈ ಮಾತಿನ ಕೊನೆಗೆ ‘ಅಲ್ವೇ?’ ಇರಲಿಲ್ಲ. ದೊಡ್ಡಮ್ಮ ಒಲೆ ಸಣ್ಣಗೆ ಮಾಡಿ, ತಿರುಗಿ, ಗಂಡನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು.

“ಎಲ್ಲಾ ಸೈಕಲ್ದೇ ಅಂದಿದ್ರೆ ಇವತ್ತೇ ಆಚೆ ಹಾಕಿಸ್ತಿದ್ದೆ. ತನ್ನ ಡೊಂಕು ತನಗೆ ಗೊತ್ತಿರೋರು ಹುಷಾರಾಗಿ ಹೋಗ್ತಾರೆ. ಹೋಗಿ ಬನ್ನಿ.”

ಸೋಮವಾರ ಬೆಳಿಗ್ಗೆ ಅವರು ಮೊದಲ ಮನೆಗೆ ಹೊರಟರು.

ತಪ್ಪು ಹುಡುಕುವುದರಲ್ಲಿ ನಾವೆಲ್ಲರೂ ಪ್ರವೀಣರೇ. ಚಕ್ರ ಬಿಚ್ಚುತ್ತೇವೆ, ಫೋರ್ಕು ಅಳೆಯುತ್ತೇವೆ, ಬೆರಳು ತೋರಿಸಲು ಏನಾದರೊಂದು ಸಿಕ್ಕಿತೋ, ನೆಮ್ಮದಿಯ ಉಸಿರು ಬಿಟ್ಟು ಸ್ಪ್ಯಾನರನ್ನು ಡಬ್ಬಿಗೆ ಹಾಕುತ್ತೇವೆ. ಆಮೇಲೆ ಬದುಕಿಡೀ ಎಡಕ್ಕೆ ಸರಿಯುತ್ತ, ರಸ್ತೆಯನ್ನು ಬೈದುಕೊಂಡು ಓಡಾಡುತ್ತೇವೆ. ಇನ್ನೊಂದು ಬಗೆಯ ಜನರಿದ್ದಾರೆ, ತೀರ ಕೆಲವೇ ಮಂದಿ. ತಪ್ಪು ಬೇರೆಡೆ ಸಿಕ್ಕಿ, ಅದು ಸರಿಹೋಗಿ, ಇನ್ನು ಯಾರೂ ಏನನ್ನೂ ಕೇಳುವವರಿಲ್ಲದಾಗಲೂ ಅವರು ತಾವೇ ಹತ್ತಿ ಇನ್ನೊಂದು ಸುತ್ತು ಹೋಗಿ ನೋಡುತ್ತಾರೆ.