ಕೈ ಕಾಯುವ ಕಣ್ಣು

ಯಂತ್ರಕ್ಕೆ ನೋಡಿ ಕಲಿಯುವುದನ್ನು ಕಲಿಸುತ್ತೇನೆ ಎಂದು ರುತುಜಾ ಹೊರಟಾಗ ಕೊಲ್ಹಾಪುರದ ಕಾಲೇಜಿನಲ್ಲಿ ನಗದವರೇ ಇರಲಿಲ್ಲ. ನಕ್ಕವರೇ ಈಗ ತಮ್ಮ ಮಕ್ಕಳನ್ನು ಅವಳ ಬಳಿ ಓದಿಸಲು ಶಿಫಾರಸು ಹಿಡಿದು ಬರುತ್ತಾರೆ. ದೇಶದಲ್ಲೇ ಈ ವಿದ್ಯೆಗೆ ಮೊದಲು ಕೈಹಾಕಿದವರಲ್ಲಿ ಒಬ್ಬಳೆಂದು ಸನ್ಮಾನಗಳಾಗಿ, ಶಾಲುಗಳಿಗೆ ಕಪಾಟಿನಲ್ಲಿ ಜಾಗವಿಲ್ಲ.

ಆದರೆ ಅವಳ ಜೀವವೆಲ್ಲ ಇದ್ದದ್ದು ಒಂದೇ ಕೆಲಸದ ಮೇಲೆ. ಗಡಹಿಂಗ್ಲಜದಿಂದ ದುಡಿಯಲು ಬಂದ ಅವಳ ತಾಯಿ ಇಂದುಬಾಯಿ, ಇಚಲಕರಂಜಿಯಲ್ಲಿ ಬಟ್ಟೆ ಒತ್ತುವ ರೋಲರಿಗೆ ಸಿಕ್ಕಿ ಬಲಗೈಯ ಎರಡು ಬೆರಳು ಕಳೆದುಕೊಂಡಿದ್ದಳು. ಇನ್ನಾರ ಬೆರಳೂ ಹೋಗಬಾರದು. ಅದಕ್ಕೇ ಅವಳು ತಯಾರಿಸಿದ ಈ ಕ್ಯಾಮೆರಾ. ರೋಲರಿನ ಹತ್ತಿರ ಕೈ ಬಂದರೆ ಅದು ಗುರುತಿಸಬೇಕು, ಹಸಿರು ದೀಪ ಕೆಂಪಾಗಬೇಕು, ರೋಲರು ನಿಲ್ಲಬೇಕು.

ನಾಗರಪಂಚಮಿಯ ಮರುದಿನ ಇಚಲಕರಂಜಿಯ ಕಾರ್ಖಾನೆಯಲ್ಲಿ ಉದ್ಘಾಟನೆ. ಮಾಲೀಕ ಬಾಬಾಸಾಹೇಬರು ಪತ್ರಿಕೆಯವರನ್ನೂ ಕರೆಸಿದ್ದರು. ರೋಲರಿಗೆ ಕೈ ಸಿಗದಂತೆ ಅಡ್ಡ ಹಾಕಿದ್ದ, ಕೆಲಸ ನಿಧಾನ ಮಾಡುವ ಕಬ್ಬಿಣದ ಜಾಳಿ ಇನ್ನೇಕೆ ಎಂದು ಬೆಳಿಗ್ಗೆಯೇ ಬಿಚ್ಚಿಸಿಬಿಟ್ಟಿದ್ದರು. ರುತುಜಾ ರೂಢಿಯಂತೆ ಮೊದಲು ತನ್ನ ಕೈಯನ್ನೇ ಚಾಚಿದಳು. ದೀಪ ಕೆಂಪಾಯಿತು, ರೋಲರು ನಿಂತಿತು. ಸೆರಗಿನೊಳಗೆ ಬಲಗೈ ಮುಚ್ಚಿಕೊಂಡು ಮೂಲೆಯಲ್ಲಿ ನಿಂತಿದ್ದ ಇಂದುಬಾಯಿ ಕಣ್ಣೊರೆಸಿಕೊಂಡಳು.

ಆಮೇಲೆ ಕೆಲಸಗಾರ್ತಿ ಹೌಸಾಬಾಯಿ ರೋಲರಿನ ಮುಂದೆ ನಿಂತಳು. ಬಟ್ಟೆ ಓಡತೊಡಗಿತು, ಒಂದು ಕಡೆ ಮಡಿಕೆ ಬಿತ್ತು. ಹೇಗೂ ಮಷೀನು ಕಾಯುತ್ತದಲ್ಲ ಎಂದು ಆಕೆ ಅದನ್ನು ಬಿಡಿಸಲು ಧೈರ್ಯವಾಗಿ ಕೈ ಚಾಚಿದಳು. ಮಣಿಕಟ್ಟಿನವರೆಗೂ ಪಂಚಮಿಯ ಮೆಹಂದಿ, ಕಪ್ಪೇರುವಷ್ಟು ಕೆಂಪು.

ದೀಪ ಹಸಿರಾಗಿಯೇ ಇತ್ತು.

ರುತುಜಾಳಿಗೆ ತಟ್ಟನೆ ಹೊಳೆಯಿತು. ಕೈ ಎಂದರೆ ಏನೆಂದು ಯಂತ್ರಕ್ಕೆ ಕಲಿಸಲು ಫೋಟೋ ತೆಗೆದ ದಿನ ಹೆಂಗಸರೆಲ್ಲ ಸೋಪು ಹಚ್ಚಿ ಉಜ್ಜಿ ಉಜ್ಜಿ ಕೈ ತೊಳೆದುಕೊಂಡು ಬಂದಿದ್ದರು. ಫೋಟೋ ಎಂದರೆ ಅಷ್ಟೂ ಬೇಡವೇ? ಎಷ್ಟು ಚೊಕ್ಕ ಕೈಗಳು ಎಂದು ಈ ಪ್ರೊಫೆಸರಮ್ಮನೂ ಹಿಗ್ಗಿದ್ದಳು. ಮೆಹಂದಿಯ ಕೈಯನ್ನು ಯಂತ್ರ ಒಮ್ಮೆಯೂ ಕಂಡಿರಲಿಲ್ಲ. ಬೆರಳ ತುದಿ ರೋಲರಿನ ಬಾಯಿಗೆ ಇನ್ನೇನು ತಾಗಬೇಕು, ಅಷ್ಟರಲ್ಲಿ ರುತುಜಾ ಹಾರಿ, ಗೋಡೆಯ ಮೇಲಿದ್ದ ರೋಲರು ನಿಲ್ಲಿಸುವ ಬಟನ್ ಒತ್ತಿದಳು.

ರೋಲರು ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಬಟನ್ ಒತ್ತಿದ್ದನ್ನು ಯಾರೂ ನೋಡಿರಲಿಲ್ಲ. ಯಂತ್ರವೇ ನಿಲ್ಲಿಸಿತೆಂದು ಹೌಸಾಬಾಯಿಯೂ ನಗುತ್ತಿದ್ದಳು.

ಸುಮ್ಮನಿದ್ದರೆ ನಡೆದುಹೋಗುತ್ತಿತ್ತು. ರಾತ್ರಿ ಕೂತು ತಿದ್ದಬಹುದಿತ್ತು. ಆದರೆ ಜಾಳಿ ಮೂಲೆಯಲ್ಲಿ ಬಿದ್ದಿತ್ತು, ಪಾಳಿ ಮುಗಿಯಲು ಇನ್ನೂ ಹೊತ್ತಿತ್ತು, ಹೊರಗೆ ಕಾದ ಹೆಂಗಸರ ಕೈಗಳೆಲ್ಲ ಮೆಹಂದಿಯವೇ. ರುತುಜಾ ಮುಂದೆ ಬಂದಳು.

“ಮಷೀನ ನಿಂದ್ರಿಸಿಲ್ರಿ, ನಾ ಬಟನ್ ಒತ್ತೇನಿ,” ಎಂದಳು. “ಅದಕ್ಕ ಈ ಕೈ ಕಾಣಿಸೇ ಇಲ್ಲ. ಜಾಳಿ ಮತ್ತ ಹಾಕ್ರಿ.”

ಚಪ್ಪಾಳೆ ನಿಂತಿತು. ಹೌಸಾಬಾಯಿ ಬೆರಳುಗಳನ್ನು ಎದೆಗೊತ್ತಿಕೊಂಡಳು. ಬಾಬಾಸಾಹೇಬರ ಮುಖ ಕಪ್ಪಿಟ್ಟಿತು.

“ಪೇಪರನವ್ರು ಬಂದಾರ ಮ್ಯಾಡಮ್. ನಿಮ್ಮ ಇಷ್ಟು ವರ್ಷದ ಹೆಸರು ಹೋಗತೈತಿ.”

“ಹೋಗ್ಲಿ ಬಿಡ್ರಿ.”

ಜಾಳಿ ಮತ್ತೆ ಏರಿತು. ಪತ್ರಿಕೆಯವರು ಗುಸುಗುಸು ಮಾಡುತ್ತ ಹೊರಬಿದ್ದರು. ಅವಮಾನ ನುಂಗಿಕೊಂಡು ರುತುಜಾ ಕ್ಯಾಮೆರಾದ ಮುಂದೆ ಕೂತಳು, ಈ ಸಲ ಕೈ ತೊಳೆಯದೆ ಬನ್ನಿ ಎಂದು ಮತ್ತೆ ಫೋಟೋ ತೆಗೆಯಲು ಹೆಂಗಸರನ್ನು ಕರೆದಳು. ಎಲ್ಲರಿಗಿಂತ ಮೊದಲು ಬಂದವಳು ಇಂದುಬಾಯಿ. ಹಿಂದಿನ ಸಲ ಅವಳು ಎಡಗೈಯನ್ನಷ್ಟೇ ತೋರಿಸಿದ್ದಳು. ಮಗಳೂ ಸಂಕೋಚಪಟ್ಟು ಬಲಗೈ ಕೇಳಿರಲಿಲ್ಲ.

ಈಗ ಸೆರಗು ಸರಿಸಿ, ಮೂರೇ ಬೆರಳಿನ ಮೆಹಂದಿಯ ಕೈಯನ್ನು ಕ್ಯಾಮೆರಾದ ಕೆಳಗೆ ಇಟ್ಟಳು.

“ಇದೂ ಕೈನ ಐತಿ ಅಂತ ಹೇಳ ಅದಕ್ಕ.”