ಇಪ್ಪತ್ತೇಳು ಗಂಟೆಯ ದಿನ

ಪರದೆ ಹೊಲಿದು ಹೊಲಿದು ನನ್ನ ಬಲಭುಜ ಹಿಡಿದುಕೊಂಡಿತ್ತು. ದಿನಾ ಬೆಳಿಗ್ಗೆ ಆರರಿಂದ ಏಳರವರೆಗೆ ಈಜುಕೊಳದಲ್ಲಿ ಕೈ ಆಡಿಸಬೇಕು, ಇಲ್ಲದಿದ್ದರೆ ಹೊಲಿಗೆ ಮಿಷನ್ನಿಗೆ ಕೈ ಮುಗಿಯಬೇಕು ಎಂದರು ಡಾಕ್ಟರು. ಕೈಯೇ ಮೇಲೇಳದವಳು ಮುಗಿಯುವುದಾದರೂ ಹೇಗೆ!

"ಬೆಳಿಗ್ಗೆ ಆರಕ್ಕಾ? ಹೊತ್ತೆಲ್ಲಿದೆ ಕಣೇ?" ಎಂದರು ನಮ್ಮ ಯಜಮಾನರು. ಅವರದು ಗಡಿಯಾರ ರಿಪೇರಿ ಅಂಗಡಿ. ಲೋಕದ ಹೊತ್ತೆಲ್ಲ ತಮ್ಮ ಜೇಬಿನಲ್ಲೇ ಇದೆ ಎಂಬ ಗತ್ತು.

"ಹುಡುಕಿಕೊಡಿ. ಗಡಿಯಾರದೋರು ನೀವೇ ತಾನೇ?"

ರೋಷ ಬಂತು. ಹಳೇ ಕ್ಯಾಲೆಂಡರಿನ ಹಿಂಬದಿಗೆ ಮೂರು ಕಾಲಂ ಎಳೆದರು: ತಮಗೊಂದು, ನನಗೊಂದು, ಮಾವನಿಗೊಂದು. ತಮ್ಮದನ್ನು ಕೂತಲ್ಲೇ ತುಂಬಿದರು. ನನ್ನದಕ್ಕೆ ಮಾತ್ರ ಅಂಗಡಿಗೆ ಒಂದು ದಿನ ಬೀಗ ಹಾಕಿ, ಸ್ಟಾಪ್‌ವಾಚ್ ಹಿಡಿದು ಬೆನ್ನಿಗೆ ಬಿದ್ದರು.

ಒಲೆಯ ಮೇಲೆ ಪಾತ್ರೆ, ಬಕೆಟ್ಟಿನಲ್ಲಿ ನೆನೆಹಾಕಿದ ಬಟ್ಟೆ, ತೊಡೆಯ ಮೇಲೆ ಪರದೆಯ ಅಂಚು, ಬಾಯಲ್ಲಿ ಮಾವನ ಕನ್ನಡಕ ಎಲ್ಲಿದೆ ಎಂಬ ಉತ್ತರ.

"ಒಂದ್ಸಲಕ್ಕೆ ಒಂದೇ ಕೆಲಸ ಮಾಡೇ ಮಾರಾಯ್ತಿ, ಬರ್ಕೊಳ್ಳೋಕಾಗ್ತಿಲ್ಲ!"

"ಹಾಗೆ ಮಾಡಿದ್ರೆ ಮಧ್ಯಾಹ್ನದ ಊಟ ನಾಡಿದ್ದು ಸಿಗುತ್ತೆ," ಎಂದೆ.

ರಾತ್ರಿ, ನಿದ್ದೆಯ ಹೊತ್ತನ್ನೂ ಸೇರಿಸಿ ಲೆಕ್ಕ ಹಾಕಿದರು. ಅವರದು, ಎರಡೂವರೆ ಗಂಟೆ ಟಿವಿ, ಒಂದೂವರೆ ಗಂಟೆ ಗೆಳೆಯರ ಹರಟೆ ಸೇರಿ, ಇಪ್ಪತ್ನಾಲ್ಕಕ್ಕೆ ಇಪ್ಪತ್ನಾಲ್ಕು. ನನ್ನದು ಇಪ್ಪತ್ತೇಳು. ಮೂರು ಸಲ ಕೂಡಿಸಿದರು. ಇಪ್ಪತ್ತೇಳೇ.

"ಇದು ಜಾಸ್ತಿ ಮುಂದೆ ಓಡ್ತಾ ಇದೆ," ಎಂದು ಸ್ಟಾಪ್‌ವಾಚಿನ ಮುಚ್ಚಳ ಬಿಚ್ಚಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರು. ನನ್ನ ಮೈಯೆಲ್ಲ ಉರಿದುಹೋಯಿತು. ಇವರಿಗೆ ಕೆಟ್ಟಿರುವ ವಾಚು ಕಾಣುತ್ತದೆ, ಕೆಟ್ಟಿರುವ ಭುಜ ಕಾಣುವುದಿಲ್ಲ.

ಮಾವನ ಕಾಲಂ ಮಾತ್ರ ಹದಿನೇಳಕ್ಕೇ ನಿಂತಿತ್ತು.

"ಉಳಿದ ಏಳು ಗಂಟೆ ಏನ್ ಮಾಡ್ತೀರಪ್ಪ?" ಯಜಮಾನರು ಕೇಳಿದರು.

ಮಾವ ನಿವೃತ್ತ ಬಸ್ ಡ್ರೈವರ್. "ಏನೂ ಇಲ್ವೋ. ಕಿಟಕೀಲಿ ಕೂತು, ಬಸ್ಸು ಹೊತ್ತಿಗೆ ಸರಿಯಾಗಿ ಬಂತಾ ಅಂತ ನೋಡ್ತೀನಿ," ಎಂದರು.

ಇಷ್ಟು ವರ್ಷ ಅವರು ಆರಾಮಾಗಿದ್ದಾರೆ ಎಂದುಕೊಂಡಿದ್ದೆ.

ಮಾವ ಕ್ಯಾಲೆಂಡರನ್ನು ಹತ್ತಿರಕ್ಕೆ ಎಳೆದುಕೊಂಡರು. "ಇವಳದು ಮೂರು ಹೆಚ್ಚು, ನಂದು ಏಳು ಕಮ್ಮಿ. ಇದಕ್ಕೆ ಭೂತಗನ್ನಡಿ ಬೇರೆ ಬೇಕೇನೋ? ನಲವತ್ತು ವರ್ಷ ಸ್ಟೀರಿಂಗ್ ಹಿಡಿದೋನಿಗೆ ಸೌಟು ಹಿಡಿಯೋಕೆ ಬರಲ್ವಾ? ನಾಳೆ ಬೆಳಿಗ್ಗೆ ಅಡುಗೆಮನೆ ನಮ್ಮದು."

"ನಮ್ಮದು ಅಂದ್ರೆ?" ಯಜಮಾನರ ಭೂತಗನ್ನಡಿ ಕಣ್ಣಿಂದ ಜಾರಿತು.

"ನಿಂದೂ ಸೇರಿಸಿ."

ಮರುದಿನ ನೀರಿಗಿಳಿದೆ. ಮೊದಲು ಸಂಕೋಚ, ಆಮೇಲೆ ಚಳಿ, ಆಮೇಲೆ ಎಂಥ ಸುಖ! ಕೈ ಭುಜದ ಮಟ್ಟಕ್ಕೆ ಎದ್ದಿತು. ಅಲ್ಲೇ ಗಟ್ಟಿಯಾಗಿ ನಕ್ಕುಬಿಟ್ಟೆ.

ಮನೆಗೆ ಬಂದರೆ ಬೀದಿಗೇ ಸೀದ ವಾಸನೆ. ಹಾಲು ಉಕ್ಕಿ ಒಲೆ, ಕಟ್ಟೆ, ನೆಲವನ್ನೆಲ್ಲ ದಾಟಿತ್ತು. ಮಾವ ಸೌಟು ಹಿಡಿದು, "ರೈಟ್, ರೈಟ್, ಇನ್ನೂ ಸ್ವಲ್ಪ ಎಡಕ್ಕೆ ಒರೆಸು," ಎಂದು ಮಗನಿಗೆ ದಾರಿ ತೋರಿಸುತ್ತಿದ್ದರು. ಮುಖದಲ್ಲಿ ಹತ್ತು ವರ್ಷ ಇಳಿದಿತ್ತು. ಯಜಮಾನರು ಒಂದು ಕೈಯಲ್ಲಿ ನೆಲ ಒರೆಸುತ್ತ, ಇನ್ನೊಂದರಲ್ಲಿ ಅಂಗಡಿಗೆ ಹೋಗುವ ಶರ್ಟಿನ ಗುಂಡಿ ಹಾಕಿಕೊಳ್ಳುತ್ತ, ಕನ್ನಡಕ ಫ್ರಿಜ್ಜಿನ ಮೇಲಿದೆ ಎಂದು ಕೂಗುತ್ತಿದ್ದರು.

ಗೋಡೆಗೆ ಅಂಟಿಸಿದ್ದ ಆ ಹಳೇ ಕ್ಯಾಲೆಂಡರ್ ನೋಡಿದೆ. ಅವರ ಕಾಲಮಿನ ಕೆಳಗೆ ಇಪ್ಪತ್ನಾಲ್ಕನ್ನು ಹೊಡೆದುಹಾಕಿ ಇಪ್ಪತ್ತೈದು ಎಂದು ಬರೆದಿತ್ತು.

ಅವರು ತಲೆ ಎತ್ತದೆ ಹೇಳಿದರು: "ಸ್ಟಾಪ್‌ವಾಚು ಸರಿಯಾಗೇ ಇದೆ ಕಣೇ."